ಸವುಳು ನೀರಿನ ಊರಲ್ಲಿ ಗೀಸರ್ ಎಷ್ಟು ವರ್ಷ ಬಾಳುತ್ತದೆ: 25 ಲೀಟರಿನ ಒಂದು ಗೀಸರಿನ ವಿಮರ್ಶೆ

2013ರಲ್ಲಿ ರಾಯಚೂರಿನ ನಮ್ಮ ಮನೆಯ ಬಚ್ಚಲಿಗೆ ಹಾಕಿಸಿದ 25 ಲೀಟರ್ ಗೀಸರನ್ನು 2024ರ ಕೊನೆಗೆ ಕಳಚಿ ಹೊಸದನ್ನು ಕೂರಿಸಿದೆವು. ನಮ್ಮ ಬೋರ್ ನೀರಿಗೆ ಹನ್ನೊಂದು ವರ್ಷ ಎಂಬುದು ಒಳ್ಳೆಯ ಬಾಳಿಕೆ ಎಂದೇ ನನ್ನ ಅಭಿಪ್ರಾಯ. ಅದೇ ಕಾಲಕ್ಕೆ ನಮ್ಮ ಓಣಿಯಲ್ಲಿ ಕೊಂಡ ಕೆಲವು ಗೀಸರುಗಳು ಐದಾರು ವರ್ಷಕ್ಕೇ ತಳ ಸೋರಿ ಗುಜರಿಗೆ ಹೋಗಿವೆ. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಒಳಗೆ ಗಾಜಿನ ಲೇಪನವಿರುವ ಉಕ್ಕಿನ ಟ್ಯಾಂಕು, 2 ಕಿಲೋವ್ಯಾಟಿನ ಕಾಯಿಲ್, ಒಂದು ಮ್ಯಾಗ್ನೀಷಿಯಂ ರಾಡ್ ಇರುವ ಗೀಸರ್ ಯಾವ ಹೆಸರಾಂತ ಕಂಪನಿಯದಾದರೂ ಈ ನೀರಿನಲ್ಲಿ ಹೆಚ್ಚುಕಡಿಮೆ ಹೀಗೆಯೇ ನಡೆದುಕೊಳ್ಳುತ್ತದೆ ಎಂಬುದು ರಿಪೇರಿ ಅಂಗಡಿಯಲ್ಲಿ ಬಿಚ್ಚಿಟ್ಟ ಬೇರೆ ಬೇರೆ ಕಂಪನಿಗಳ ಟ್ಯಾಂಕುಗಳನ್ನು ನೋಡಿದ ಮೇಲೆ ನನಗೆ ಖಚಿತವಾಗಿದೆ. ಹೀಗಾಗಿ ಈ ವಿಮರ್ಶೆ ಆ ಬಗೆಯ ಗೀಸರಿಗೆಲ್ಲ ಅನ್ವಯಿಸುತ್ತದೆ.

ಗೀಸರಿನ ಆಯುಷ್ಯವನ್ನು ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವರ್ಷ ಎಂದು ಹೇಳುವುದು ವಾಡಿಕೆ. ವಾರಂಟಿ ಕಾರ್ಡುಗಳಲ್ಲಿ ಹೆಚ್ಚಾಗಿ ಇಡೀ ಉಪಕರಣಕ್ಕೆ ಎರಡು ವರ್ಷ, ಕಾಯಿಲಿಗೆ ಎರಡರಿಂದ ನಾಲ್ಕು ವರ್ಷ, ಟ್ಯಾಂಕಿಗೆ ಐದರಿಂದ ಏಳು ವರ್ಷ ಎಂದು ಬೇರೆ ಬೇರೆ ಅವಧಿಗಳನ್ನು ಮುದ್ರಿಸಿರುತ್ತಾರೆ. ಈ ವಿಂಗಡಣೆಯನ್ನು ಗಮನವಿಟ್ಟು ಓದಿದರೆ ಬದಲಾಯಿಸುವ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ. ಕಾಯಿಲ್, ಥರ್ಮೋಸ್ಟಾಟ್, ಗ್ಯಾಸ್ಕೆಟ್, ಮ್ಯಾಗ್ನೀಷಿಯಂ ರಾಡ್, ಸುರಕ್ಷತಾ ವಾಲ್ವ್, ಇವೆಲ್ಲ ತೆಗೆದು ಹಾಕಬಹುದಾದ ಬಿಡಿಭಾಗಗಳು. ಟ್ಯಾಂಕು ಮಾತ್ರ ಹಾಗಲ್ಲ. ಗಾಜಿನ ಲೇಪನದ ಟ್ಯಾಂಕು ಒಮ್ಮೆ ತೂತಾಯಿತೆಂದರೆ ಅದಕ್ಕೆ ವೆಲ್ಡಿಂಗ್ ಮಾಡಲು ಬರುವುದಿಲ್ಲ, ಏಕೆಂದರೆ ವೆಲ್ಡಿಂಗಿನ ಕಾವಿಗೆ ಸುತ್ತಲಿನ ಲೇಪನವೂ ಸಿಡಿದು ಹೋಗುತ್ತದೆ. ಗೀಸರಿನ ನಿಜವಾದ ಆಯುಷ್ಯವೆಂದರೆ ಅದರ ಟ್ಯಾಂಕಿನ ಆಯುಷ್ಯ. ಉಳಿದದ್ದೆಲ್ಲ ಖರ್ಚಿನ ಬಾಬ್ತು.

ರಾಯಚೂರು ನಗರಕ್ಕೆ ಕೃಷ್ಣಾ ನದಿಯಿಂದಲೂ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ತುಂಬುವ ರಾಂಪುರ ಜಲಾಶಯದಿಂದಲೂ ನೀರು ಬರುತ್ತದೆ. ನದಿಯ ನೀರನ್ನಷ್ಟೇ ಬಳಸುವ ಮನೆಗಳಿಗೆ ಈ ಬರಹದ ಅರ್ಧ ಭಾಗ ಬೇಕಾಗದು. ಆದರೆ ನಳದ ನೀರು ದಿನವೂ ಬಾರದ ಬಡಾವಣೆಗಳಲ್ಲಿ ಮೇಲಿನ ಟ್ಯಾಂಕಿಗೆ ಹೋಗುವುದು ಬೋರ್ ನೀರೇ. ನಮ್ಮ ಬೋರಿನ ನೀರನ್ನು ಪರೀಕ್ಷೆ ಮಾಡಿಸಿದಾಗ ಅದರ ಗಡಸುತನ ಲೀಟರಿಗೆ 600 ಮಿಲಿಗ್ರಾಂ ದಾಟಿತ್ತು. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡ, ಅಂದರೆ ಐಎಸ್ 10500, ಗಡಸುತನಕ್ಕೆ 200 ಮಿಲಿಗ್ರಾಂ ಸ್ವೀಕಾರಾರ್ಹವೆಂದೂ, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಅನುಮತಿಸಬಹುದೆಂದೂ ಹೇಳುತ್ತದೆ. ಕೊಪ್ಪಳ, ಬಳ್ಳಾರಿ ಕಡೆಯೂ ಎಷ್ಟೋ ಊರುಗಳಲ್ಲಿ ಬೋರಿನ ನೀರು ಸೋಪಿಗೆ ನೊರೆ ಕೊಡದಷ್ಟು ಸವುಳಾಗಿರುತ್ತದೆ.

ಇಂಥ ನೀರು ಗೀಸರಿನೊಳಗೆ ಮಾಡುವ ಕೆಲಸ ಎರಡು ಬಗೆಯದು. ಮೊದಲನೆಯದು ಎಲ್ಲರಿಗೂ ಗೊತ್ತಿರುವ ಸುಣ್ಣ. ನೀರಿನಲ್ಲಿ ಕರಗಿಕೊಂಡಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆದು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಎಲ್ಲಕ್ಕಿಂತ ಬಿಸಿಯಾದ ಜಾಗಕ್ಕೆ, ಅಂದರೆ ಕಾಯಿಲಿನ ಮೈಗೆ, ಹತ್ತಿಕೊಳ್ಳುತ್ತದೆ. ಹಿಂದೆ ಒಲೆಯ ಮೇಲಿನ ತಾಮ್ರದ ಹಂಡೆಯ ಒಳಗೆ ಕಟ್ಟುತ್ತಿದ್ದುದೂ ಇದೇ ಬಿಳಿ ಪದರ. ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬಹುದಿತ್ತು, ಮುಚ್ಚಿದ ಟ್ಯಾಂಕಿಗೆ ಕೈ ಹಾಕಲು ಬರುವುದಿಲ್ಲ. ಸುಣ್ಣ ಶಾಖವನ್ನು ಸರಿಯಾಗಿ ದಾಟಿಸುವುದಿಲ್ಲವಾದ್ದರಿಂದ ಕಾಯಿಲಿನ ಕಾವು ನೀರಿಗೆ ಹೋಗದೆ ಕಾಯಿಲಿನಲ್ಲಿಯೇ ಉಳಿದು, ಅದರ ಹೊರಕವಚ ಮಿತಿಮೀರಿ ಕಾದು, ಕೊನೆಗೆ ಸೀಳುತ್ತದೆ.

ಎರಡನೆಯದು ಕಣ್ಣಿಗೆ ಕಾಣದ ತುಕ್ಕು. ಟ್ಯಾಂಕಿನ ಗಾಜಿನ ಲೇಪನ ಎಷ್ಟೇ ಚೆನ್ನಾಗಿದ್ದರೂ ಬೆಸುಗೆಯ ಅಂಚುಗಳಲ್ಲಿ, ಪೈಪು ಸೇರುವ ಕಡೆಗಳಲ್ಲಿ ಸೂಜಿಮೊನೆಯಷ್ಟು ಬಿರುಕು ಇದ್ದೇ ಇರುತ್ತದೆ. ಅಲ್ಲಿ ಉಕ್ಕಿಗೆ ನೀರು ತಾಗಿದಾಗ ಉಕ್ಕಿನ ಬದಲು ತಾನು ಕರಗಲೆಂದೇ ಮ್ಯಾಗ್ನೀಷಿಯಂ ರಾಡನ್ನು ಒಳಗೆ ಇಟ್ಟಿರುತ್ತಾರೆ. ಕಬ್ಬಿಣಕ್ಕಿಂತ ಮ್ಯಾಗ್ನೀಷಿಯಂ ಹೆಚ್ಚು ಚುರುಕಾಗಿ ಕರಗುವ ಲೋಹ. ಅದು ಇರುವವರೆಗೆ ಟ್ಯಾಂಕಿಗೆ ತುಕ್ಕಿನ ಭಯ ಬಹಳ ಕಡಿಮೆ, ಅದು ಮುಗಿದ ಮೇಲೆ ತುಕ್ಕಿನ ಸರದಿ ಟ್ಯಾಂಕಿನದು. ಲವಣ ಹೆಚ್ಚಿದ್ದಷ್ಟೂ ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವುದರಿಂದ ರಾಡ್ ಬೇಗ ಸವೆಯುತ್ತದೆ. ನಮ್ಮ ಗೀಸರಿನ ರಾಡನ್ನು ಮೊದಲು ಹೊರತೆಗೆದದ್ದು 2017ರಲ್ಲಿ, ಮೊದಲ ಕಾಯಿಲ್ ಸುಟ್ಟಾಗ. ಹೊಸದಿದ್ದಾಗ ಹೆಬ್ಬೆರಳಿನ ದಪ್ಪವಿರುವ ಆ ರಾಡಿನಲ್ಲಿ ಉಳಿದಿದ್ದದ್ದು ನಡುವಿನ ತೆಳು ಕಬ್ಬಿಣದ ತಂತಿ, ಅದಕ್ಕೆ ಅಲ್ಲಲ್ಲಿ ಅಂಟಿಕೊಂಡು ಬೆರಳು ತಾಗಿದರೆ ಉದುರುವ ಬೂದುಬಿಳಿ ಚೂರು, ಅಷ್ಟೇ. ಕಾಯಿಲಿನ ಸುರುಳಿಗಳ ನಡುವಿನ ಸಂದು ಪೂರ್ತಿ ಮುಚ್ಚಿಹೋಗಿ ಅದು ಒಂದೇ ಬಿಳಿ ಗಡ್ಡೆಯಂತಾಗಿತ್ತು, ಮೆಕ್ಯಾನಿಕ್ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ಹಪ್ಪಳದಂಥ ಪದರಗಳು ಬಕೆಟ್ಟಿಗೆ ಬಿದ್ದವು. ಆದರೆ ಟಾರ್ಚ್ ಹಿಡಿದು ನೋಡಿದರೆ ಟ್ಯಾಂಕಿನ ಒಳಮೈ ನೀಲಿಯಾಗಿ ಹೊಳೆಯುತ್ತಿತ್ತು. ಹೊಸ ರಾಡ್, ಹೊಸ ಕಾಯಿಲ್, ಹೊಸ ಗ್ಯಾಸ್ಕೆಟ್, ಕೂಲಿ ಎಲ್ಲ ಸೇರಿ ಹೊಸ ಗೀಸರಿನ ಬೆಲೆಯ ನಾಲ್ಕನೆಯ ಒಂದು ಭಾಗವೂ ಆಗಲಿಲ್ಲ.

ಈ ರಾಡಿನ ವಿಷಯವನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅಂಗಡಿಯಲ್ಲಿ ಗೀಸರ್ ಮಾರುವವರು ಬಣ್ಣ, ಡಿಸ್‌ಪ್ಲೇ, ಸ್ಟಾರ್ ಎಲ್ಲವನ್ನೂ ವಿವರಿಸುತ್ತಾರೆ; ವರ್ಷ ಎರಡು ವರ್ಷಕ್ಕೊಮ್ಮೆ ರಾಡ್ ನೋಡಿಸಬೇಕು ಎಂಬ ಮಾತನ್ನು ನಾನು ವಿಚಾರಿಸಿದ ಯಾವ ಅಂಗಡಿಯಲ್ಲಿಯೂ ತಾವಾಗಿ ಹೇಳಿದವರಿಲ್ಲ. ಬಳಕೆದಾರರ ಕೈಪಿಡಿಯಲ್ಲಿ ಮಾತ್ರ ಅದು ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಸವುಳು ನೀರಿನ ಊರಲ್ಲಿ ಗೀಸರ್ ಮಾರುವವರು ಹೇಳಲೇಬೇಕಾದ ಮೊದಲ ಮಾತು ಇದು. ಐದಾರು ನೂರು ರೂಪಾಯಿಯ ಈ ಲೋಹದ ತುಂಡು ಹತ್ತು ಸಾವಿರದ ಟ್ಯಾಂಕನ್ನು ಕಾಯುತ್ತದೆ.

2021ರಲ್ಲಿ ಗೀಸರ್ ಮತ್ತೆ ಕೆಟ್ಟಿತು. ಸ್ವಿಚ್ ಹಾಕಿದರೆ ಆರ್‌ಸಿಸಿಬಿ, ಅಂದರೆ ವಿದ್ಯುತ್ತು ಸೋರಿದಾಗ ತಾನಾಗಿ ಕರೆಂಟು ಕಡಿಯುವ ಸ್ವಿಚ್, ಬೀಳುತ್ತಿತ್ತು. ಕಂಪನಿಯ ಸೇವಾ ಕೇಂದ್ರದಿಂದ ಬಂದವರು ಮುಚ್ಚಳವನ್ನು ಬಿಚ್ಚದೆಯೇ, ಎಂಟು ವರ್ಷವಾಗಿದೆ, ಟ್ಯಾಂಕು ಹೋಗಿರುತ್ತದೆ, ಎಕ್ಸ್‌ಚೇಂಜಿನಲ್ಲಿ ಹೊಸದನ್ನು ತೆಗೆದುಕೊಳ್ಳಿ ಎಂದು ಸಲಹೆ ಕೊಟ್ಟರು. ಇದು ನನಗೆ ಸರಿಯೆನಿಸಲಿಲ್ಲ, ಈಗಲೂ ಸರಿಯೆನಿಸುವುದಿಲ್ಲ. ಗೀಸರ್ ಹಾಕಿದಾಗ ಆರ್‌ಸಿಸಿಬಿ ಬೀಳುವುದು ಹೆಚ್ಚಾಗಿ ಕಾಯಿಲಿನ ಹೊರಕವಚ ಸೀಳಿ ಒಳಗಿನ ವಿದ್ಯುತ್ತು ನೀರಿಗೆ ಸೋರಿದಾಗ; ಅಷ್ಟರಿಂದಲೇ ಟ್ಯಾಂಕು ಹೋಗಿದೆ ಎನ್ನಲು ಬರುವುದಿಲ್ಲ. ತೀನ್ ಕಂದಿಲ್ ಕಡೆಯ ಒಂದು ಚಿಕ್ಕ ರಿಪೇರಿ ಅಂಗಡಿಯವರನ್ನು ಕರೆಸಿದೆವು. ಅವರು ಮೊದಲು ನೀರನ್ನು ಪೂರ್ತಿ ಬಸಿದು, ಬಸಿದ ನೀರನ್ನು ಬಿಳಿ ಬಕೆಟ್ಟಿನಲ್ಲಿ ಹಿಡಿದು ನಮಗೂ ತೋರಿಸಿದರು. "ಬಿಳಿ ಪುಡಿ ಬಂದರೆ ಸುಣ್ಣ, ಅದಕ್ಕೆ ಔಷಧ ಐತ್ರಿ ಸರ. ಕೆಂಪು ಹೊಪ್ಪಳಿಕೆ ಬಂದರೆ ಮಾತ್ರ ಟ್ಯಾಂಕ್ ಹೋತಂತ ತಿಳ್ಕೊಳ್ರಿ" ಎಂದರು. ಅಂದು ಬಂದದ್ದು ಬಿಳಿ ಪುಡಿ. ಕಾಯಿಲನ್ನು ತಾಮ್ರದ ಕವಚದ ಬದಲು ಇಂಕೊಲಾಯ್ ಎಂಬ ನಿಕ್ಕಲ್ ಮಿಶ್ರಲೋಹದ ಕವಚದ್ದಕ್ಕೆ ಬದಲಿಸಿ, ರಾಡನ್ನೂ ಹೊಸದಾಗಿ ಹಾಕಿದರು. ಆ ಗೀಸರ್ ಮತ್ತೆ ಮೂರು ಚಳಿಗಾಲ ನಡೆಯಿತು. ಬಿಚ್ಚಿ ನೋಡಿ, ತೋರಿಸಿ, ಆಮೇಲೆ ಬೆಲೆ ಹೇಳುವ ಇಂಥ ಮೆಕ್ಯಾನಿಕರನ್ನು ಹುಡುಕಿಕೊಳ್ಳುವುದು ಒಳ್ಳೆಯ ಗೀಸರ್ ಆರಿಸಿಕೊಳ್ಳುವಷ್ಟೇ ಮುಖ್ಯ.

ಹಾಗಾದರೆ ಯಾವುದಕ್ಕೆ ರಿಪೇರಿ, ಯಾವುದಕ್ಕೆ ಬದಲಾವಣೆ? ನೀರು ಕಾಯುವುದೇ ಇಲ್ಲವೆಂದರೆ ಕಾಯಿಲ್ ಅಥವಾ ಥರ್ಮೋಸ್ಟಾಟ್. ಕಾಯುತ್ತದೆ ಆದರೆ ಹಿಂದಿಗಿಂತ ಬಹಳ ಹೊತ್ತು ಹಿಡಿಯುತ್ತದೆ ಎಂದರೆ ಸುಣ್ಣ ಅಥವಾ ಮನೆಯ ವೋಲ್ಟೇಜ್ ಬೀಳುತ್ತಿರುವುದು. ಇದನ್ನು ಅಳೆಯಲು ಒಂದು ಸುಲಭ ಲೆಕ್ಕವಿದೆ. 25 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು ಒಂದು ಯೂನಿಟ್ ವಿದ್ಯುತ್ ಬೇಕು, 2 ಕಿಲೋವ್ಯಾಟಿನ ಕಾಯಿಲಿಗೆ ಅದು ಅರ್ಧ ಗಂಟೆಯ ಕೆಲಸ. 15 ಲೀಟರಾದರೆ ಹದಿನೆಂಟು ನಿಮಿಷದ ಆಸುಪಾಸು. ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದರೆ, ಕಾಯುವಾಗ ಒಳಗಿನಿಂದ ಟಪಟಪ, ಗೊರಗೊರ ಸದ್ದು ಬರುತ್ತಿದ್ದರೆ, ಸುಣ್ಣದ ಪದರದ ಅಡಿಯಲ್ಲಿ ಸಿಕ್ಕ ನೀರು ಕುದಿದು ಆವಿಯಾಗಿ ಸಿಡಿಯುತ್ತಿದೆ ಎಂದು ತಿಳಿಯಬೇಕು. ಬಿಚ್ಚಿಸಿ ತೊಳೆಸಿದರೆ ಸಾಕು. ತೊಳೆಯಲು ಕೆಲವರು ಬಚ್ಚಲು ತೊಳೆಯುವ ಆಸಿಡ್ಡನ್ನೇ ಸುರಿಯುತ್ತಾರೆ, ಅದು ಸುಣ್ಣದ ಜೊತೆಗೆ ರಾಡನ್ನೂ, ಲೇಪನ ಬಿಟ್ಟ ಕಡೆಯ ಉಕ್ಕನ್ನೂ ತಿನ್ನುತ್ತದೆ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲವನ್ನು ಬಿಸಿನೀರಿನಲ್ಲಿ ಕರಗಿಸಿ, ಕಳಚಿದ ಕಾಯಿಲನ್ನು ಅದರಲ್ಲಿ ರಾತ್ರಿಯಿಡೀ ನೆನೆಹಾಕುವುದು ಸುರಕ್ಷಿತವಾದ ದಾರಿ.

ಸೋರಿಕೆಯ ವಿಷಯದಲ್ಲಿ ಜನ ಹೆಚ್ಚು ಗಾಬರಿಯಾಗುತ್ತಾರೆ, ಹೆಚ್ಚು ಮೋಸವೂ ಹೋಗುತ್ತಾರೆ. ಗೀಸರ್ ಕಾಯುವಾಗ ಪಕ್ಕದ ಸುರಕ್ಷತಾ ವಾಲ್ವಿನಿಂದ ಹನಿ ಬೀಳುವುದು ಎಷ್ಟೋ ಬಾರಿ ದೋಷವೇ ಅಲ್ಲ. 25 ಲೀಟರ್ ನೀರು 25ರಿಂದ 60 ಡಿಗ್ರಿಗೆ ಕಾಯುವಷ್ಟರಲ್ಲಿ ಹಿಗ್ಗಿ ಲೀಟರಿನ ಮೂರನೆಯ ಒಂದು ಭಾಗದಷ್ಟು ಹೆಚ್ಚಾಗುತ್ತದೆ. ನೀರು ಬರುವ ದಾರಿಯಲ್ಲಿ ಹಿಂದಕ್ಕೆ ಹೋಗಗೊಡದ ವಾಲ್ವ್ ಇದ್ದರೆ ಆ ಹೆಚ್ಚಿನ ನೀರಿಗೆ ಹೊರದಾರಿ ಅದೊಂದೇ. ಆ ಹನಿಯನ್ನು ನಿಲ್ಲಿಸಲು ವಾಲ್ವಿನ ಬಾಯಿಗೆ ಎಂ-ಸೀಲ್ ಮೆತ್ತಿದ್ದನ್ನು, ಮರದ ಬಿರಡೆ ಬಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಯವಿಟ್ಟು ಯಾರೂ ಹಾಗೆ ಮಾಡಬಾರದು. ಥರ್ಮೋಸ್ಟಾಟ್ ಕೈಕೊಟ್ಟು ನೀರು ಕುದಿಯತೊಡಗಿದರೆ ಟ್ಯಾಂಕು ಸಿಡಿಯದಂತೆ ತಡೆಯುವುದು ಆ ವಾಲ್ವ್. ಗೀಸರ್ ಆರಿದ್ದಾಗಲೂ ಹನಿ ನಿಲ್ಲದಿದ್ದರೆ ವಾಲ್ವನ್ನಷ್ಟೇ ಬದಲಿಸಬೇಕು. ಕಾಯಿಲ್ ಕೂರುವ ಮುಚ್ಚಳದ ಸುತ್ತ ಒದ್ದೆಯಾದರೆ ಗ್ಯಾಸ್ಕೆಟ್ ಬದಲಿಸಬೇಕು. ಇವೆರಡೂ ಅಲ್ಲದೆ ಹೊರಕವಚದ ಅಡಿಯಿಂದ, ಎಲ್ಲಿಂದ ಎಂದು ತಿಳಿಯದಂತೆ, ತುಕ್ಕಿನ ಬಣ್ಣದ ನೀರು ಜಿನುಗತೊಡಗಿದರೆ ಟ್ಯಾಂಕು ತೂತಾಗಿ ಸುತ್ತಲಿನ ಫೋಮ್ ನೆನೆದಿದೆ ಎಂದೇ ಅರ್ಥ. ಅಲ್ಲಿಗೆ ಗೀಸರಿನ ಆಯುಷ್ಯ ಮುಗಿಯಿತು. ಅಂದೇ ಸ್ವಿಚ್ ಆರಿಸಿ ನೀರಿನ ವಾಲ್ವ್ ಮುಚ್ಚಬೇಕು.

ನಮ್ಮ ಗೀಸರ್ ಮೊದಲು ಕೊಟ್ಟ ಸೂಚನೆ ಕೆಂಪು ನೀರು. ಬಿಸಿನೀರಿನ ನಳದಲ್ಲಿ ಮಾತ್ರ ಕೆಂಪು ಬರುತ್ತಿದೆಯೇ, ತಣ್ಣೀರಿನಲ್ಲೂ ಬರುತ್ತಿದೆಯೇ ಎಂದು ಮೊದಲು ನೋಡಬೇಕು. ಎರಡರಲ್ಲೂ ಬಂದರೆ ಹಳೆಯ ಜಿಐ ಪೈಪುಗಳ ತುಕ್ಕು, ಗೀಸರ್ ನಿರಪರಾಧಿ. ನಮ್ಮಲ್ಲಿ ಬಿಸಿನೀರಿನಲ್ಲಿ ಮಾತ್ರ ಬರುತ್ತಿತ್ತು, ಬಸಿದಾಗ ಮೆಕ್ಯಾನಿಕ್ ಹೇಳಿದ್ದ ಕೆಂಪು ಹೊಪ್ಪಳಿಕೆಗಳೇ ಬಂದವು. ಸೋರಿಕೆ ಶುರುವಾಗುವವರೆಗೆ ಕಾಯದೆ ಬದಲಿಸಿದೆವು. ಇನ್ನೊಂದು ವಾಸನೆಯ ವಿಷಯವಿದೆ. ನಮ್ಮ ಕಡೆ ಮಾರ್ಚಿನಿಂದ ಮಳೆಗಾಲದವರೆಗೆ ಮೇಲಿನ ಟ್ಯಾಂಕಿನ ನೀರೇ ಮೈಸುಡುವಷ್ಟು ಬಿಸಿಯಿರುವುದರಿಂದ ಗೀಸರ್ ತಿಂಗಳುಗಟ್ಟಲೆ ನೀರು ತುಂಬಿಕೊಂಡು ಸುಮ್ಮನೆ ನಿಂತಿರುತ್ತದೆ. ಆಮೇಲೆ ಮೊದಲ ದಿನ ಹಾಕಿದಾಗ ಕೊಳೆತ ಮೊಟ್ಟೆಯ ನಾತ ಬರುವುದುಂಟು. ನಿಂತ ನೀರಿನ ಬ್ಯಾಕ್ಟೀರಿಯಾ ನೀರಿನಲ್ಲಿರುವ ಸಲ್ಫೇಟಿನಿಂದ ಹೈಡ್ರೋಜನ್ ಸಲ್ಫೈಡ್ ಹೊರಡಿಸುವುದು, ಮ್ಯಾಗ್ನೀಷಿಯಂ ರಾಡ್ ಇದ್ದಾಗ ಅದು ಇನ್ನಷ್ಟು ಸುಲಭವಾಗುವುದು ಇದಕ್ಕೆ ಕಾರಣ. ಗೀಸರ್ ಕೆಟ್ಟಿದೆ ಎಂದು ಇದರಿಂದ ತೀರ್ಮಾನಿಸಬೇಕಿಲ್ಲ. ನೀರನ್ನು ಬಸಿದು, ಹೊಸ ನೀರು ತುಂಬಿ, ಪೂರ್ತಿ ಕಾಯಿಸಿ ಚೆಲ್ಲಿದರೆ ಹೋಗುತ್ತದೆ. ವರ್ಷದ ಸರ್ವೀಸಿಗೂ ಇದೇ ಸರಿಯಾದ ಸಮಯ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆ ತೊಳೆಯುತ್ತಿದ್ದ ಕಾಲದಲ್ಲಿಯೇ ಗೀಸರನ್ನೂ ಬಿಚ್ಚಿಸಿ ರಾಡ್ ನೋಡಿಸುವ ಕ್ರಮವನ್ನು ನಾವು ಇಟ್ಟುಕೊಂಡಿದ್ದೇವೆ.

ಖರ್ಚಿನ ಲೆಕ್ಕದಲ್ಲಿ ನಾನು ಅನುಸರಿಸುವ ನಿಯಮ ಸರಳವಾದದ್ದು. ಟ್ಯಾಂಕು ಗಟ್ಟಿಯಿದ್ದು ಆರೇಳು ವರ್ಷದೊಳಗಿನದಾದರೆ ಯಾವ ಬಿಡಿಭಾಗವನ್ನಾದರೂ ಬದಲಿಸಬಹುದು. ಎಂಟು ವರ್ಷ ದಾಟಿದ್ದು, ರಿಪೇರಿ ಹೊಸದರ ಬೆಲೆಯ ಮೂರನೆಯ ಒಂದು ಭಾಗ ಮೀರುವಂತಿದ್ದರೆ ಆ ಹಣವನ್ನು ಹೊಸದಕ್ಕೆ ಹಾಕುವುದು ಲೇಸು. ಟ್ಯಾಂಕು ಸೋರಿದರೆ ವಯಸ್ಸನ್ನು ಕೇಳುವುದೇ ಬೇಡ.

ಹೊಸದನ್ನು ಆರಿಸುವಾಗ ಟ್ಯಾಂಕಿನ ಲೋಹದ ಬಗ್ಗೆ ಬಹಳ ಯೋಚಿಸಿದೆವು. ಸ್ಟೇನ್‌ಲೆಸ್ ಸ್ಟೀಲ್ ಎಂದರೆ ತುಕ್ಕೇ ಹಿಡಿಯದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಆದರೆ ಕ್ಲೋರೈಡ್ ಹೆಚ್ಚಿರುವ ಸವುಳು ನೀರು ಬಿಸಿಯಾದಾಗ 304 ದರ್ಜೆಯ ಸ್ಟೀಲಿನಲ್ಲೂ ಬೆಸುಗೆಯ ಬಳಿ ಚುಕ್ಕಿಚುಕ್ಕಿಯಾಗಿ ತೂತು ಬೀಳುತ್ತದೆ. ನದಿಯ ನೀರಿನ ಮನೆಗೆ ಸ್ಟೀಲ್ ಟ್ಯಾಂಕು ಒಳ್ಳೆಯ ಆಯ್ಕೆ. ಬೋರ್ ನೀರಿಗೆ ದಪ್ಪ ಮ್ಯಾಗ್ನೀಷಿಯಂ ರಾಡ್ ಇರುವ ಗಾಜಿನ ಲೇಪನದ ಟ್ಯಾಂಕೇ ನನ್ನ ಆಯ್ಕೆ. ಗೋಡೆಯಿಂದ ಇಳಿಸದೆಯೇ ಕೆಳಗಿನಿಂದ ಮುಚ್ಚಳ ಬಿಚ್ಚಲು ಬರುತ್ತದೆಯೇ, ರಾಡ್ ಊರಿನಲ್ಲಿಯೇ ಸಿಗುತ್ತದೆಯೇ ಎಂದು ಅಂಗಡಿಯಲ್ಲಿ ಕೇಳಿಯೇ ಕೊಂಡೆವು. ಈಗ ಮನೆಯಲ್ಲಿ ಜನ ಕಡಿಮೆಯಾದ್ದರಿಂದ 15 ಲೀಟರ್ ಸಾಕೆನಿಸಿತು.

ಸ್ಟಾರ್ ಗುರುತಿನ ಬಗ್ಗೆಯೂ ಒಂದು ಮಾತು. ಶೇಖರಣಾ ಗೀಸರುಗಳಿಗೆ ಬಿಇಇ, ಅಂದರೆ ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ, ಕೊಡುವ ಸ್ಟಾರ್, ಕಾಯಿಸಿಟ್ಟ ನೀರು ನಿಂತಲ್ಲೇ ಎಷ್ಟು ಕಾವು ಕಳೆದುಕೊಳ್ಳುತ್ತದೆ ಎಂಬುದರ ಅಳತೆ. ದಿನವಿಡೀ ಸ್ವಿಚ್ ಹಾಕಿಯೇ ಬಿಡುವ ಮನೆಗೆ ಐದು ಸ್ಟಾರಿನಿಂದ ಉಳಿತಾಯವಿದೆ. ಬೆಳಿಗ್ಗೆ ಅರ್ಧ ಗಂಟೆ ಹಾಕಿ ಆರಿಸುವ ನಮ್ಮಂಥವರಿಗೆ ಅದರಿಂದ ಆಗುವ ಲಾಭ ಕಡಿಮೆ. ಅದಕ್ಕಿಂತ ಹೆಚ್ಚಿನ ಲಾಭ ಥರ್ಮೋಸ್ಟಾಟನ್ನು 55ರಿಂದ 60 ಡಿಗ್ರಿಯ ನಡುವೆ ಇಡುವುದರಿಂದ ಬರುತ್ತದೆ. ಕಾವು ಹೆಚ್ಚಿದಷ್ಟೂ ಸುಣ್ಣ ಹೆಚ್ಚು ಕಟ್ಟುವುದರಿಂದ, 75ಕ್ಕೆ ಕಾಯಿಸಿ ತಣ್ಣೀರು ಬೆರೆಸಿಕೊಳ್ಳುವ ಅಭ್ಯಾಸ ಕಾಯಿಲಿನ ಆಯುಷ್ಯವನ್ನೇ ತಿನ್ನುತ್ತದೆ.

ಕೂರಿಸುವಾಗ ಎರಡು ಸಂಗತಿಗಳಲ್ಲಿ ರಾಜಿಯಾಗಬಾರದು. 2 ಕಿಲೋವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಒಂಬತ್ತು ಆಂಪಿಯರಿನಷ್ಟು ಎಳೆಯುತ್ತದೆ, 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ಹದಿಮೂರು. ಆದ್ದರಿಂದ 16 ಆಂಪಿಯರಿನ ಪವರ್ ಸಾಕೆಟ್ ಬೇಕೇ ಬೇಕು. ಇನ್ನೊಂದು ಅರ್ಥಿಂಗ್. ನಮ್ಮ ಕಡೆ ಬೇಸಿಗೆಯಲ್ಲಿ ನೆಲ ಪೂರ್ತಿ ಒಣಗಿ ಅರ್ಥಿಂಗ್ ಗುಂಡಿಯೂ ಕೆಲಸ ಬಿಡುತ್ತದೆ. ಅದಕ್ಕೆ ನೀರು ಹಾಕುತ್ತಿರುವುದು, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ ಅದರ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡುವುದು ಗೀಸರ್ ಇರುವ ಪ್ರತಿ ಮನೆಯ ಕರ್ತವ್ಯ. ಸೀಳಿದ ಕಾಯಿಲ್ ಇರುವ ಬಚ್ಚಲಲ್ಲಿ ಜೀವ ಉಳಿಸುವುದು ಅರ್ಥಿಂಗ್ ಮತ್ತು ಆರ್‌ಸಿಸಿಬಿ, ಇವೆರಡೇ.

ಹೊಸ ಗೀಸರಿನ ಬಗ್ಗೆ ಈಗಲೇ ತೀರ್ಪು ಕೊಡುವುದು ಸರಿಯಲ್ಲ, ಮೊದಲ ಬಾರಿ ಬಿಚ್ಚಿದಾಗ ರಾಡ್ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು ಎಂದಷ್ಟೇ ಹೇಳಬಲ್ಲೆ. ಅದರ ವಾರಂಟಿ ಕಾರ್ಡಿನಲ್ಲಿ ನೀರಿನ ಗಡಸುತನಕ್ಕೆ ಮಿತಿ ಹಾಕಿ, ಅದನ್ನು ಮೀರಿದ ನೀರಿನಿಂದಾದ ಹಾನಿ ವಾರಂಟಿಗೆ ಸೇರದು ಎಂಬ ಷರತ್ತಿದೆ. ಇಂಥ ಷರತ್ತು ಹಲವು ಕಂಪನಿಗಳ ಕಾರ್ಡುಗಳಲ್ಲಿ ಇರುತ್ತದೆ. ಹಾಗಾಗಿ ಕೊಳ್ಳುವ ಮೊದಲೇ ನೀರಿನ ಪರೀಕ್ಷೆ ಮಾಡಿಸಿ, ಆ ವರದಿಯನ್ನು ಅಂಗಡಿಯವರಿಗೆ ತೋರಿಸಿ, ಈ ನೀರಿಗೆ ಟ್ಯಾಂಕಿನ ವಾರಂಟಿ ನಡೆಯುತ್ತದೆಯೇ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ರಾಡ್ ಬದಲಿಸಿದ ರಸೀದಿಗಳನ್ನೂ ಅದರ ಜೊತೆಗೆ ಇಟ್ಟುಕೊಳ್ಳಿ. ಟ್ಯಾಂಕಿನ ವಾರಂಟಿ ಕೇಳಲು ಹೋದಾಗ ಕೆಲವು ಕಂಪನಿಗಳು ಮೊದಲು ಕೇಳುವುದು ಅವನ್ನೇ.